ಎರಡು ಹೆಬ್ಬೆರಳು, ಮೂರು ಕೆಲಸ: ಅಂಗೈ ಶೂಟರ್ ಗೇಮ್ ನಡೆಯುವುದು ಹೀಗೆ

ಶೂಟರ್ ಗೇಮ್‌ನಲ್ಲಿ ಆಡುವವರಿಗೆ ಇರುವುದು ಮೂರೇ ಕೆಲಸ. ನಡೆಯಬೇಕು, ಗುರಿ ಹಿಡಿಯಬೇಕು, ಗುಂಡು ಹಾರಿಸಬೇಕು. ಮೂರೂ ಒಟ್ಟೊಟ್ಟಿಗೆ ಆಗಬೇಕು, ಅಷ್ಟೇ. ಕಂಪ್ಯೂಟರ್ ಮುಂದೆ ಕೂತವರಿಗೆ ಇದು ಕಷ್ಟವೇ ಅಲ್ಲ. ಎಡಗೈ ಕೀಬೋರ್ಡ್ ಮೇಲೆ ನಡೆಸುತ್ತದೆ, ಬಲಗೈ ಮೌಸ್ ಹಿಡಿದು ಗುರಿ ನೋಡುತ್ತದೆ, ಮಿಕ್ಕ ಭಾರವನ್ನೆಲ್ಲ ಮೇಜು ಹೊರುತ್ತದೆ. ಕೈಯಲ್ಲೇ ಹಿಡಿದು ಆಡುವ ಯಂತ್ರಕ್ಕೆ ಮೇಜು ಇಲ್ಲ. ಯಂತ್ರ ಹೊರಬೇಕಾದದ್ದೂ ಅದೇ ಕೈ, ಗುಂಡಿ ಒತ್ತಬೇಕಾದದ್ದೂ ಅದೇ ಕೈ. ಆರು ಬೆರಳು ಯಂತ್ರ ಬೀಳದ ಹಾಗೆ ಹಿಂದಿನಿಂದ ಆತುಕೊಂಡಿರುತ್ತವೆ. ಕೆಲಸಕ್ಕೆ ಸಿಗುವುದು ಎರಡು ಹೆಬ್ಬೆರಳು, ಮೇಲಂಚಿನಲ್ಲಿ ಎರಡು ತೋರುಬೆರಳು.

ಹಾಗಾಗಿ ಅಂಗೈ ಯಂತ್ರಕ್ಕೆ ಶೂಟರ್ ಮಾಡುವವರ ತಲೆನೋವು ಗ್ರಾಫಿಕ್ಸ್‌ನಿಂದ ಶುರುವಾಗುವುದಿಲ್ಲ, ಬೆರಳಿನ ಲೆಕ್ಕದಿಂದ ಶುರುವಾಗುತ್ತದೆ. ಗುರಿ ಹಿಡಿಯುವ ಕೆಲಸವನ್ನು ಯಾರಿಗೆ ಕೊಡುವುದು? ಇದಕ್ಕೆ ಒಬ್ಬೊಬ್ಬರು ಒಂದೊಂದು ಉಪಾಯ ಮಾಡಿದರು. ಆ ಉಪಾಯಗಳು ಅರ್ಥವಾದರೆ ಇನ್ನೊಂದು ವಿಷಯವೂ ಬಿಡಿಸಿಕೊಳ್ಳುತ್ತದೆ. ಅದೇ ಆಟ, ಅದೇ ಬಂದೂಕು, ಆದರೆ ಒಬ್ಬರೇ ಆಡಿದಾಗ ಒಂಥರಾ, ನಾಲ್ಕು ಜನ ಸೇರಿ ಆಡಿದಾಗ ಇನ್ನೊಂಥರಾ ಯಾಕಿರುತ್ತದೆ? ಒಬ್ಬರೇ ಇದ್ದಾಗ ಯಂತ್ರ ನಿಮಗೋಸ್ಕರ ಸುಳ್ಳು ಹೇಳಬಹುದು. ಎದುರಿಗೆ ಇನ್ನೊಬ್ಬ ಮನುಷ್ಯ ಇದ್ದಾಗ ಆ ಸುಳ್ಳು ನಡೆಯುವುದಿಲ್ಲ.

ಮಾತಿಗೆ 2006ರಲ್ಲಿ ಎರಡು ಅಂಗೈ ಯಂತ್ರಗಳಿಗೆ ಬಂದ ಎರಡು ಆಟಗಳನ್ನು ಹಿಡಿದುಕೊಳ್ಳೋಣ. ಒಂದು ನಿಂಟೆಂಡೊ ಡಿಎಸ್‌ಗೆ ಬಂದ ಮೆಟ್ರಾಯ್ಡ್ ಪ್ರೈಮ್ ಹಂಟರ್ಸ್. ಇನ್ನೊಂದು ಸೋನಿ ಪಿಎಸ್‌ಪಿಗೆ ಬಂದ ಕಿಲ್‌ಜೋನ್: ಲಿಬರೇಶನ್. ಒಂದೇ ವರ್ಷ, ಒಂದೇ ಸಮಸ್ಯೆ, ಪೂರ್ತಿ ಉಲ್ಟಾ ಉತ್ತರ.

ಇವಕ್ಕೂ ಮೊದಲು ಯಾರೂ ಪ್ರಯತ್ನಿಸಿರಲಿಲ್ಲ ಅಂತಲ್ಲ. ಅಟಾರಿ ಎಸ್‌ಟಿ ಕಂಪ್ಯೂಟರ್‌ಗೆ 1987ರಲ್ಲಿ ಮಿಡಿ ಮೇಜ್ ಅನ್ನುವ ಆಟ ಬಂದಿತ್ತು. ಸಂಗೀತ ವಾದ್ಯ ಜೋಡಿಸುವ ಮಿಡಿ ಕೇಬಲ್ ಹಾಕಿಯೇ ಹದಿನಾರು ಕಂಪ್ಯೂಟರ್‌ಗಳನ್ನು ಸಾಲಾಗಿ ಸೇರಿಸಿ ಆಡಬಹುದಿತ್ತು. ಆಟಗಾರರೆಲ್ಲ ನಗುಮುಖದ ಚೆಂಡುಗಳು, ಜಾಗ ಒಂದು ಚಕ್ರವ್ಯೂಹ. ಇದೇ ಆಟ 1991ರಲ್ಲಿ ಫೇಸ್‌ಬಾಲ್ 2000 ಅನ್ನುವ ಹೆಸರಿನಲ್ಲಿ ನಿಂಟೆಂಡೊದ ಹಳೆಯ ಅಂಗೈ ಯಂತ್ರ ಗೇಮ್ ಬಾಯ್‌ಗೆ ಬಂತು. ಕೇಬಲ್ ಚುಚ್ಚಿಕೊಂಡು ಗೆಳೆಯರ ಜೊತೆ ಆಡಬಹುದಿತ್ತು. ಗುಂಡು ತಗುಲಿದವರಿಗೆ ಆಟ ಹೇಳುತ್ತಿದ್ದದ್ದು 'ಹ್ಯಾವ್ ಎ ನೈಸ್ ಡೇ'. ಕಪ್ಪುಬಿಳುಪು ಪರದೆ, ಒಂದು ಪ್ಲಸ್ ಆಕಾರದ ಗುಂಡಿ. ಮೇಲೆ ಕೆಳಗೆ ನೋಡುವ ಹಾಗೇ ಇರಲಿಲ್ಲ, ಮುಖ ಎತ್ತ ಇದೆಯೋ ಗುಂಡು ಅತ್ತ. ಅಂದರೆ ಗುರಿ ಹಿಡಿಯುವ ಕೆಲಸವನ್ನೇ ತೆಗೆದುಹಾಕಿದ್ದರು. ಅದೂ ಒಂದು ಉಪಾಯವೇ, ಅಲ್ವಾ?

ಒಂದೇ ಸ್ಟಿಕ್ ಇದ್ದ ಪಿಎಸ್‌ಪಿ

ಪಿಎಸ್‌ಪಿ ಜಪಾನಿನಲ್ಲಿ 2004ರ ಕೊನೆಗೆ ಬಂದಾಗ ನೋಡಿದವರು ಬೆರಗಾಗಿದ್ದು ಸುಳ್ಳಲ್ಲ. 4.3 ಇಂಚಿನ ಅಗಲ ಪರದೆ, 480×272 ಚುಕ್ಕಿ. ಟಿವಿ ಮುಂದೆ ಆಡುವಂಥ ಆಟ ಕೈಗೇ ಬಂತು ಅನ್ನಿಸುತ್ತಿತ್ತು. ಆದರೆ ಟಿವಿ ಮುಂದಿನ ಪ್ಲೇಸ್ಟೇಷನ್‌ಗೆ ಎರಡು ಸ್ಟಿಕ್, ಅಂದರೆ ಹೆಬ್ಬೆರಳಿನಿಂದ ಎತ್ತ ಬೇಕಾದರೂ ಬಾಗಿಸುವ ಪುಟ್ಟ ಹಿಡಿಗಳು ಇದ್ದವು. ಎಡದ್ದು ನಡೆಯಲು, ಬಲದ್ದು ನೋಡಲು. ಪಿಎಸ್‌ಪಿಗೆ ಸಿಕ್ಕಿದ್ದು ಒಂದೇ, ಅದೂ ಎಡಗಡೆ, ಜಾರುವ ಒಂದು ಚಿಕ್ಕ ಬಿಲ್ಲೆ. ಬಲಗಡೆ ನಾಲ್ಕು ಗುಂಡಿ ಮಾತ್ರ.

ಕೆಲವರು ಆ ನಾಲ್ಕು ಗುಂಡಿಗಳನ್ನೇ ಸ್ಟಿಕ್ ಮಾಡಿಕೊಂಡರು. 2006ರ ಸೈಫನ್ ಫಿಲ್ಟರ್: ಡಾರ್ಕ್ ಮಿರರ್ ಹಾಗೆಯೇ ನಡೆಯುತ್ತದೆ. ತ್ರಿಕೋನದ ಗುಂಡಿ ಒತ್ತಿದರೆ ಮೇಲೆ ನೋಟ, ಎಕ್ಸ್ ಗುರುತಿನ ಗುಂಡಿಗೆ ಕೆಳಗೆ, ಪಕ್ಕದವು ಎಡಬಲಕ್ಕೆ. ನಡೆಯುತ್ತದೆ, ಆದರೆ ಗುಂಡಿಗೆ 'ಸ್ವಲ್ಪ' ಅನ್ನುವುದು ಗೊತ್ತಿಲ್ಲ. ಒತ್ತಿದೆ ಅಥವಾ ಒತ್ತಿಲ್ಲ, ಎರಡೇ ಸ್ಥಿತಿ. ದೂರದಲ್ಲಿರುವವನ ತಲೆಗೆ ಗುರಿ ಇಡಬೇಕಾದರೆ ಗುಂಡಿಯನ್ನು ಟಪ್ ಟಪ್ ಅಂತ ಕುಟ್ಟುತ್ತಾ ಹೋಗಬೇಕು. ಹೆಬ್ಬೆರಳು ಅಲ್ಲಿದ್ದ ಮೇಲೆ ಬೇರೆ ಕೆಲಸಕ್ಕೆ ಅದು ಸಿಗುವುದಿಲ್ಲ.

ಆಮ್‌ಸ್ಟರ್‌ಡ್ಯಾಮ್‌ನ ಗೆರಿಲ್ಲಾ ಗೇಮ್ಸ್ ಬೇರೆ ಯೋಚನೆ ಮಾಡಿತು. ಅವರ ಮೊದಲ ಕಿಲ್‌ಜೋನ್ 2004ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ಅಪ್ಪಟ ಫಸ್ಟ್ ಪರ್ಸನ್ ಶೂಟರ್, ಅಂದರೆ ಪಾತ್ರದ ಕಣ್ಣಿನಿಂದಲೇ ನೋಡುವ ಆಟ. ಪಿಎಸ್‌ಪಿಗೆ ಅದನ್ನೇ ಕುಗ್ಗಿಸಿ ತುಂಬುವ ಬದಲು ಕ್ಯಾಮೆರಾವನ್ನೇ ಎತ್ತಿ ಮೇಲಿಟ್ಟರು. ಲಿಬರೇಶನ್‌ನಲ್ಲಿ ನೀವು ಯಾನ್ ಟೆಂಪ್ಲರ್ ಅನ್ನುವ ಸೈನಿಕನನ್ನು ಮೇಲಿನಿಂದ ಓರೆಯಾಗಿ ನೋಡುತ್ತೀರಿ. ಅವನು ಎತ್ತ ತಿರುಗಿದ್ದಾನೋ ಬಂದೂಕೂ ಅತ್ತಲೇ. ಒಂದೇ ಸ್ಟಿಕ್ ನಡೆಸುವುದಕ್ಕೂ ಆಯಿತು, ಗುರಿಗೂ ಆಯಿತು. ಮೇಲೆ ಕೆಳಗಿನ ಲೆಕ್ಕವನ್ನು ಆಟವೇ ನೋಡಿಕೊಳ್ಳುತ್ತದೆ.

ಇದು ಬರೀ ಕಂಟ್ರೋಲ್ ಬದಲಾವಣೆ ಅಂದುಕೊಳ್ಳಬೇಡಿ. ಆಟದ ಸ್ವಭಾವವೇ ಬದಲಾಯಿತು. ಕಣ್ಣಿನಿಂದ ನೋಡುವ ಆಟದಲ್ಲಿ ಭಯ ಬರುವುದು ಮೂಲೆಯ ಆಚೆ ಏನಿದೆ ಅಂತ ಗೊತ್ತಿಲ್ಲದ್ದರಿಂದ. ಮೇಲಿನಿಂದ ನೋಡುವಾಗ ಮೂಲೆಯ ಆಚೆ ಇರುವವನೂ ಕಾಣುತ್ತಾನೆ, ಬೆನ್ನ ಹಿಂದೆ ಬರುವವನೂ ಕಾಣುತ್ತಾನೆ. ಹಾಗಾಗಿ ಪ್ರಶ್ನೆ 'ಅವನು ಎಲ್ಲಿದ್ದಾನೆ' ಅಂತಲ್ಲ, 'ಈ ಮರಳು ಮೂಟೆಯಿಂದ ಆ ಗೋಡೆಗೆ ಹೇಗೆ ದಾಟಲಿ' ಅಂತ. ಬೇಗ ಗುರಿ ಇಡುವ ಕೈಚಳಕಕ್ಕಿಂತ ಲೆಕ್ಕ ಹಾಕುವ ತಲೆ ಇಲ್ಲಿ ಜಾಸ್ತಿ ಬೇಕು. ಸುಲಭದ ಆಟ ಅಂತೂ ಅಲ್ಲ. ಇದು ಕೊಡುವ ಕಾಟಕ್ಕೆ ಹೆಸರಾಗಿತ್ತು, ಅದರಲ್ಲೂ ವೈರಿ ಪಡೆಯ ಜನರಲ್ ಮೆಟ್ರಾಕ್ ಜೊತೆಗಿನ ಕಾಳಗ.

ಇನ್ನೊಂದು ಕಟ್ಟು ಕೂಡ ಇತ್ತು. ಪಿಎಸ್‌ಪಿಯ ಪ್ರೊಸೆಸರ್ 333 ಮೆಗಾಹರ್ಟ್ಸ್‌ವರೆಗೆ ಓಡಬಲ್ಲದು, ಆದರೆ 2007ರ ಸಾಫ್ಟ್‌ವೇರ್ ಅಪ್‌ಡೇಟ್ ಬರುವ ತನಕ ಆಟಗಳಿಗೆ 222ರ ಮಿತಿ ಹಾಕಿದ್ದರು. ಬ್ಯಾಟರಿ ಬೇಗ ಮುಗಿಯಬಾರದಲ್ಲ! ಅಂಗೈ ಯಂತ್ರದಲ್ಲಿ ಪ್ರತಿ ಗುಂಡಿನ ಕಿಡಿಯೂ ಬ್ಯಾಟರಿಯ ಜೊತೆ ಚೌಕಾಸಿ ಮಾಡಿಯೇ ಬರಬೇಕು.

ಕಡ್ಡಿ ಹಿಡಿದು ಗುರಿ ಇಡುವುದು

ಈಗ ಡಿಎಸ್‌ಗೆ ಬರೋಣ. ಶಕ್ತಿಯ ಲೆಕ್ಕದಲ್ಲಿ ಇದು ಪಿಎಸ್‌ಪಿಯ ಹತ್ತಿರಕ್ಕೂ ಬರುವುದಿಲ್ಲ. 67 ಮೆಗಾಹರ್ಟ್ಸ್‌ನ ಮುಖ್ಯ ಪ್ರೊಸೆಸರ್, 4 ಎಂಬಿ ಮೆಮೊರಿ, 256×192 ಚುಕ್ಕಿಯ ಎರಡು ಪುಟ್ಟ ಪರದೆ. ಒಂದು ಸ್ಟಿಕ್ ಕೂಡ ಇಲ್ಲ. ಆದರೆ ಕೆಳಗಿನ ಪರದೆ ಟಚ್ ಸ್ಕ್ರೀನ್, ಜೊತೆಗೆ ಒಂದು ಪ್ಲಾಸ್ಟಿಕ್ ಕಡ್ಡಿ, ಸ್ಟೈಲಸ್.

ಮೆಟ್ರಾಯ್ಡ್ ಪ್ರೈಮ್ ಹಂಟರ್ಸ್ ಮಾಡಿದ್ದು ಅಮೆರಿಕದ ರೆಡ್ಮಂಡ್‌ನಲ್ಲಿರುವ ನಿಂಟೆಂಡೊ ಸಾಫ್ಟ್‌ವೇರ್ ಟೆಕ್ನಾಲಜಿ. 2004ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಡಿಎಸ್ ಬಿಡುಗಡೆಯಾದಾಗ ಇದರ ಒಂದು ಡೆಮೊ ಪೆಟ್ಟಿಗೆಯಲ್ಲೇ ಬಂದಿತ್ತು. ಪೂರ್ತಿ ಆಟ ಬಂದದ್ದು 2006ರ ಮಾರ್ಚ್‌ನಲ್ಲಿ. ಮೇಲಿನ ಪರದೆಯಲ್ಲಿ ಆಟದ ನೋಟ. ಕೆಳಗಿನದರಲ್ಲಿ ರಾಡಾರ್, ಅದರ ಅಂಚಿನಲ್ಲಿ ಆಯುಧಗಳ ಚಿತ್ರ. ಎಡ ಹೆಬ್ಬೆರಳು ಪ್ಲಸ್ ಗುಂಡಿಯ ಮೇಲಿದ್ದು ನಡೆಸುತ್ತದೆ. ಎಡ ತೋರುಬೆರಳು ಮೇಲಂಚಿನ ಎಲ್ ಗುಂಡಿ ಒತ್ತಿ ಗುಂಡು ಹಾರಿಸುತ್ತದೆ. ಬಲಗೈ ಸ್ಟೈಲಸ್ ಹಿಡಿದು ಕೆಳಗಿನ ಪರದೆಯ ಮೇಲೆ ಎಳೆಯುತ್ತದೆ, ಎಳೆದಷ್ಟು ನೋಟ ತಿರುಗುತ್ತದೆ. ಎರಡು ಸಲ ಕುಟ್ಟಿದರೆ ಜಿಗಿತ. ಎಡಗೈ ರೂಢಿಯವರಿಗೆ ಇದನ್ನೇ ತಿರುಗಿಸಿ ಕೊಟ್ಟಿದ್ದರು. ಆಗ ಬಲಗಡೆಯ ನಾಲ್ಕು ಗುಂಡಿ ನಡೆಸುತ್ತವೆ, ಆರ್ ಗುಂಡಿ ಗುಂಡು ಹಾರಿಸುತ್ತದೆ.

ಸ್ಟೈಲಸ್‌ನಲ್ಲಿ ಅಂಥ ವಿಶೇಷ ಏನಿದೆ? ಸ್ಟಿಕ್ ಮತ್ತು ಮೌಸ್ ಎರಡೂ ಗುರಿ ತಿರುಗಿಸುತ್ತವೆ ನಿಜ, ಆದರೆ ಬೇರೆ ಬೇರೆ ಲೆಕ್ಕದಲ್ಲಿ. ಸ್ಟಿಕ್ ಅಂದರೆ ನೀರಿನ ನಲ್ಲಿ ಇದ್ದ ಹಾಗೆ. ಎಷ್ಟು ತಿರುಗಿಸಿದಿರೋ ಅಷ್ಟು ಜೋರಾಗಿ ನೀರು ಬರುತ್ತದೆ, ಆದರೆ ಕೊಡ ಎಷ್ಟು ತುಂಬಿತು ಅನ್ನುವುದು ನೀವು ಯಾವಾಗ ನಿಲ್ಲಿಸುತ್ತೀರಿ ಅನ್ನುವುದರ ಮೇಲೆ. ಸ್ಟಿಕ್ ಎಷ್ಟು ಬಾಗಿಸಿದಿರೋ ಅಷ್ಟು ವೇಗದಲ್ಲಿ ನೋಟ ತಿರುಗುತ್ತಾ ಇರುತ್ತದೆ, ಸರಿಯಾದ ಜಾಗ ಬಂದಾಗ ಬಿಡಬೇಕು. ಒಂದು ಕ್ಷಣ ತಡವಾದರೆ ಗುರಿ ದಾಟಿಹೋಯಿತು, ಮತ್ತೆ ಹಿಂದಕ್ಕೆ ತರಬೇಕು. ಮೌಸ್, ಸ್ಟೈಲಸ್ ಹಾಗಲ್ಲ. ಇಲ್ಲಿ ವೇಗದ ಲೆಕ್ಕ ಇಲ್ಲ, ದೂರದ ಲೆಕ್ಕ. ಕೈ ಎರಡು ಸೆಂಟಿಮೀಟರ್ ಸರಿದರೆ ನೋಟ ಇಷ್ಟೇ ಡಿಗ್ರಿ ತಿರುಗುತ್ತದೆ, ಕೈ ನಿಂತರೆ ನಿಲ್ಲುತ್ತದೆ. ಕೆಲವು ಗಂಟೆ ಆಡಿದರೆ ಈ ಅಳತೆ ಕೈಗೇ ಗೊತ್ತಾಗಿಬಿಡುತ್ತದೆ. ಆಮೇಲೆ ಕಣ್ಣು ನೋಡಿದ ಕಡೆ ಕೈ ತಾನಾಗಿ ಹೋಗುತ್ತದೆ.

ಈ ಎರಡು ಅಂಗೈ ಯಂತ್ರಗಳಲ್ಲಿ ಮೌಸ್‌ನಂಥ ಗುರಿ ಕೊಟ್ಟದ್ದು, ಪಿಎಸ್‌ಪಿಗಿಂತ ಬಡವಾಗಿದ್ದ ಡಿಎಸ್. ನನಗೆ ಇದು ಈಗಲೂ ಖುಷಿ ಕೊಡುವ ವಿಷಯ.

ಖುಷಿಗೆ ಬೆಲೆಯೂ ಇತ್ತು. ಬಲಗೈ ಕಡ್ಡಿ ಹಿಡಿದ ಮೇಲೆ ಯಂತ್ರದ ಭಾರ ಪೂರ್ತಿ ಎಡಗೈ ಮೇಲೆ. ಮೊದಲ ಡಿಎಸ್‌ನ ತೂಕ 275 ಗ್ರಾಂ, ಆಮೇಲೆ ಬಂದ ಡಿಎಸ್ ಲೈಟ್ 218 ಗ್ರಾಂ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಆ ಕೈಯ ಹೆಬ್ಬೆರಳು ಓಡಿಸುತ್ತಿದೆ, ತೋರುಬೆರಳು ಬಿಡದೆ ಗುಂಡಿ ಒತ್ತುತ್ತಿದೆ, ಉಳಿದ ಮೂರು ಬೆರಳು ಮತ್ತು ಅಂಗೈ ಇಡೀ ಯಂತ್ರವನ್ನು ಅಲುಗಾಡದ ಹಾಗೆ ಹಿಡಿದಿವೆ. ಅದರ ಮೇಲೆ ಬಲಗೈ ಕಡ್ಡಿಯಿಂದ ಒತ್ತುತ್ತಿದೆ. ಅರ್ಧ ಗಂಟೆಯಲ್ಲಿ ಎಡಗೈ ಬುಡದಲ್ಲಿ ಸೆಳೆತ ಶುರುವಾಗುತ್ತದೆ. ಈ ಆಟವನ್ನು ಚೆನ್ನಾಗಿ ಆಡುವವರು ಡಿಎಸ್ ಅನ್ನು ತೊಡೆಯ ಮೇಲೋ ದಿಂಬಿನ ಮೇಲೋ ಇಟ್ಟುಕೊಂಡೇ ಆಡುತ್ತಾರೆ. ಅಂಗೈ ಆಟ ಅಂತ ಹೆಸರು, ಆಡುವುದು ದಿಂಬಿನ ಮೇಲೆ!

ಒಬ್ಬರೇ ಆಡುವಾಗ

ಒಂಟಿ ಆಟದಲ್ಲಿ ಎದುರಾಳಿ ಯಂತ್ರ. ಯಂತ್ರಕ್ಕೆ ಗುರಿ ತಪ್ಪುವುದೇ ಇಲ್ಲ. ಬಿಟ್ಟರೆ ನಿಮ್ಮನ್ನು ಅರ್ಧ ಸೆಕೆಂಡಿನಲ್ಲಿ ಮುಗಿಸಬಲ್ಲದು. ಹಾಗಾಗಿ ಆಟ ಮಾಡುವವರು ಅದನ್ನು ಬೇಕಂತಲೇ ದಡ್ಡ ಮಾಡುತ್ತಾರೆ. ನಿಮ್ಮನ್ನು ನೋಡಿದ ವೈರಿ ಒಂದು ಕ್ಷಣ ಕೂಗಾಡುತ್ತಾನೆ, ಆಮೇಲೆ ಗುಂಡು ಹಾರಿಸುತ್ತಾನೆ. ಎಷ್ಟೋ ಆಟಗಳಲ್ಲಿ ಮೊದಲ ಗುಂಡು ತಗುಲುವುದೇ ಇಲ್ಲ, ನಿಮಗೆ ಎಚ್ಚರಿಕೆ ಸಿಗಲಿ ಅಂತ ಹಾಗೆ ಬರೆದಿರುತ್ತಾರೆ. ಐದು ಜನ ಸುತ್ತುವರಿದರೂ ಒಮ್ಮೆಗೆ ಇಬ್ಬರಷ್ಟೇ ಹೊಡೆಯುತ್ತಾರೆ. ಪ್ರಾಣದ ಪಟ್ಟಿಯಲ್ಲಿ ಕೊನೆಯ ಗೆರೆ ಉಳಿದಾಗ ಆ ಗೆರೆಗೆ ಕಾಣುವುದಕ್ಕಿಂತ ಜಾಸ್ತಿ ಬೆಲೆ ಇಟ್ಟಿರುವುದೂ ಉಂಟು. 'ಅಬ್ಬಾ, ಕೂದಲೆಳೆಯಲ್ಲಿ ಉಳಿದೆ' ಅಂತ ನೀವು ಅಂದುಕೊಳ್ಳಬೇಕು, ಅದಕ್ಕೇ ಈ ಲೆಕ್ಕ.

ಗುರಿಯಲ್ಲೂ ಸಹಾಯ ಇರುತ್ತದೆ. ಇದನ್ನು ಏಮ್ ಅಸಿಸ್ಟ್ ಅನ್ನುತ್ತಾರೆ. ನಿಮ್ಮ ಗುರಿಯ ಚುಕ್ಕಿ ವೈರಿಯ ಹತ್ತಿರ ಬಂದಾಗ ನೋಟ ತಿರುಗುವ ವೇಗ ತಾನಾಗಿ ಕಡಿಮೆಯಾಗುತ್ತದೆ. ಕೆಲವು ಆಟಗಳಲ್ಲಿ ಚುಕ್ಕಿಯನ್ನೇ ಸ್ವಲ್ಪ ಎಳೆದುಕೊಳ್ಳುತ್ತದೆ. ಇನ್ನು ಕೆಲವದರಲ್ಲಿ ವೈರಿಯ ದೇಹ ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡದು ಅಂತ ಲೆಕ್ಕ ಹಾಕಿರುತ್ತಾರೆ. ನಿಮಗೆ ಗೊತ್ತೇ ಆಗುವುದಿಲ್ಲ, ಸುಮ್ನೆ 'ಇವತ್ತು ಕೈ ಚೆನ್ನಾಗಿ ಕೂತಿದೆ' ಅನ್ನಿಸುತ್ತದೆ.

2002ರಲ್ಲಿ ಟಿವಿಗೆ ಜೋಡಿಸುವ ಗೇಮ್‌ಕ್ಯೂಬ್‌ಗೆ ಬಂದ ಮೆಟ್ರಾಯ್ಡ್ ಪ್ರೈಮ್ ಇದರಲ್ಲಿ ಇನ್ನೂ ಮುಂದೆ ಹೋಗಿತ್ತು. ಒಂದು ಗುಂಡಿ ಹಿಡಿದರೆ ಗುರಿ ವೈರಿಗೆ ಅಂಟಿಕೊಳ್ಳುತ್ತಿತ್ತು, ನೀವು ಸುತ್ತ ಓಡುತ್ತಾ ಹೊಡೆಯಬಹುದಿತ್ತು. ಅದು ಮುಖ್ಯವಾಗಿ ಒಬ್ಬರೇ ಹುಡುಕಾಡುವ ಆಟ, ಹಾಗಾಗಿ ಸರಿಹೋಯಿತು. ಹಂಟರ್ಸ್‌ನಲ್ಲಿ ಆ ಅಂಟಿಸುವ ಸೌಕರ್ಯ ತೆಗೆದುಬಿಟ್ಟರು. ತೆಗೆಯಲೇಬೇಕಿತ್ತು. ನಾಲ್ಕು ಜನ ಒಬ್ಬರಿಗೊಬ್ಬರು ಗುರಿ ಅಂಟಿಸಿಕೊಂಡು ನಿಂತರೆ ಪಂದ್ಯ ಎಲ್ಲಿ ಉಳಿಯಿತು?

ಅಂದರೆ ಹಂಟರ್ಸ್ ಹುಟ್ಟಿದ್ದೇ ಜೊತೆಯಾಗಿ ಆಡುವುದಕ್ಕೆ. ಒಂಟಿ ಕಥೆ ಇದೆ. ಸ್ಯಾಮಸ್ ಆರನ್ ಅನ್ನುವ ಬೇಟೆಗಾರ್ತಿ ಆಕ್ಟೋಲಿತ್ ಅನ್ನುವ ಎಂಟು ನಿಗೂಢ ವಸ್ತುಗಳನ್ನು ಹುಡುಕಿಕೊಂಡು ಹೊರಡುತ್ತಾಳೆ. ಅವಕ್ಕೇ ಕಣ್ಣು ಹಾಕಿದ ಇನ್ನೂ ಆರು ಬೇಟೆಗಾರರು ದಾರಿಯಲ್ಲಿ ಎದುರಾಗುತ್ತಾರೆ. ಅವರ ಕೈಯಲ್ಲಿ ಸತ್ತರೆ ನಿಮ್ಮ ಹತ್ತಿರದ ಒಂದು ಆಕ್ಟೋಲಿತ್ ಅವರ ಪಾಲು, ಹುಡುಕಿಕೊಂಡು ಹೋಗಿ ವಾಪಸ್ ಕಿತ್ತುಕೊಳ್ಳಬೇಕು. ಇದು ಒಳ್ಳೆಯ ಯೋಚನೆ. ಆದರೆ ಎಂಟು ಆಕ್ಟೋಲಿತ್ ಕಾಯುವ ದೊಡ್ಡ ವೈರಿಗಳು ನಿಜಕ್ಕೂ ಎರಡೇ ಜಾತಿ. ಕಂಬದಂಥ ಕ್ರೆಟಾಫಿಡ್ ನಾಲ್ಕು ಸಲ, ಕಣ್ಣಿನಂಥ ಸ್ಲೆಂಚ್ ನಾಲ್ಕು ಸಲ, ಸ್ವಲ್ಪ ಬಣ್ಣ ಬದಲಿಸಿಕೊಂಡು ಬರುತ್ತವೆ. ಮೂರನೇ ಸಲ ಅದೇ ಕಂಬ, ಅದೇ ಕಣ್ಣು ನೋಡಿದಾಗ ಬೇಸರ ಬರದೇ ಇರದು. ಲಿಬರೇಶನ್ ಈ ವಿಷಯದಲ್ಲಿ ಗೆದ್ದಿತು. ಅದರ ಒಂಟಿ ಆಟ ಗಟ್ಟಿ. ಇಬ್ಬರು ಎರಡು ಪಿಎಸ್‌ಪಿ ಇಟ್ಟುಕೊಂಡು ಜೊತೆಯಾಗಿ ಸೈನ್ಯ ನಡೆಸಲೂ ಅವಕಾಶ ಇತ್ತು. ಐದನೇ ಅಧ್ಯಾಯ ಮತ್ತು ಇಂಟರ್ನೆಟ್ ಪಂದ್ಯ ಆಮೇಲೆ ಡೌನ್‌ಲೋಡ್ ಆಗಿ ಬಂದವು.

ನಾಲ್ಕು ಜನ ಸೇರಿದಾಗ

ಹಂಟರ್ಸ್‌ನ ಜೀವ ಇರುವುದು ಇಲ್ಲಿ. ಏಳು ಬೇಟೆಗಾರರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು. ಎಲ್ಲರೂ ಎಲ್ಲ ಆಯುಧ ಎತ್ತಿಕೊಳ್ಳಬಹುದು, ಆದರೆ ಒಬ್ಬೊಬ್ಬರಿಗೆ ಒಂದೊಂದು ಆಯುಧ ಒಲಿದಿರುತ್ತದೆ. ಜುಡಿಕೇಟರ್ ಅನ್ನುವ ಆಯುಧ ನಾಕ್ಸಸ್ ಅನ್ನುವ ಬೇಟೆಗಾರನ ಕೈಯಲ್ಲಿದ್ದರೆ ಎದುರಾಳಿ ಹೆಪ್ಪುಗಟ್ಟಿ ನಿಲ್ಲುತ್ತಾನೆ. ಮ್ಯಾಗ್ಮಾಲ್ ಸ್ಪೈರ್ ಕೈಯಲ್ಲಿದ್ದರೆ ಬೆಂಕಿ ಹತ್ತಿಕೊಂಡು ಉರಿಯುತ್ತದೆ. ಸೈಲಕ್ಸ್‌ನ ಶಾಕ್ ಕಾಯಿಲ್ ಎದುರಾಳಿಯ ಪ್ರಾಣ ಹೀರಿ ಸೈಲಕ್ಸ್‌ಗೇ ಕೊಡುತ್ತದೆ. ವೀವೆಲ್ ಎರಡು ತುಂಡಾಗುತ್ತಾನೆ. ಕೆಳಗಿನ ಅರ್ಧ ತೋಪಾಗಿ ಒಂದು ಕಡೆ ಕೂರುತ್ತದೆ, ಮೇಲಿನ ಅರ್ಧ ಓಡಾಡುತ್ತದೆ.

ಎಲ್ಲರಿಗೂ ಸಿಟ್ಟು ಬರಿಸುತ್ತಿದ್ದವನು ಟ್ರೇಸ್. ಅವನ ಆಯುಧ ಇಂಪೀರಿಯಲಿಸ್ಟ್, ದೂರದಿಂದ ಹೊಡೆಯುವ ಸ್ನೈಪರ್. ತಲೆಗೆ ತಗುಲಿದರೆ ಒಂದೇ ಏಟು. ಅದನ್ನು ಹಿಡಿದು ಅಲುಗಾಡದೆ ನಿಂತರೆ ಟ್ರೇಸ್ ಕಣ್ಣಿಗೇ ಕಾಣುವುದಿಲ್ಲ. ಒಂಟಿ ಆಟದಲ್ಲಿ ಯಂತ್ರ ಹೀಗೆ ಮಾಡಿದ್ದರೆ ಆಟ ಮಾಡಿದವರಿಗೆ ಬೈಯುತ್ತಿದ್ದೆವು. ಗೆಳೆಯ ಮಾಡಿದರೆ ಗೆಳೆಯನಿಗೆ ಬೈಯುತ್ತೇವೆ, ಮುಂದಿನ ಪಂದ್ಯದಲ್ಲಿ ನಾವೂ ಟ್ರೇಸ್ ಆಗುತ್ತೇವೆ. ಮಲ್ಟಿಪ್ಲೇಯರ್‌ನಲ್ಲಿ ಅನ್ಯಾಯ ಕೂಡ ಆಟದ ಭಾಗ, ಅದು ಎಲ್ಲರಿಗೂ ಸಮನಾಗಿ ಸಿಗುವಂತಿದ್ದರೆ ಆಯಿತು.

ಮೋಡ್‌ಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಪ್ರೈಮ್ ಹಂಟರ್. ಮೊದಲು ಒಬ್ಬರನ್ನು ಕೊಂದವರು ಪ್ರೈಮ್ ಹಂಟರ್ ಆಗುತ್ತಾರೆ. ಬಲ ಜಾಸ್ತಿಯಾಗುತ್ತದೆ, ಆದರೆ ಪ್ರಾಣ ತೊಟ್ಟಿಕ್ಕುತ್ತಾ ಇಳಿಯುತ್ತಲೇ ಇರುತ್ತದೆ. ಉಳಿಯಬೇಕಾದರೆ ಕೊಲ್ಲುತ್ತಲೇ ಇರಬೇಕು. ಅವರನ್ನು ಕೊಂದವರಿಗೆ ಪಟ್ಟ. ಮೂಲೆಯಲ್ಲಿ ಅಡಗಿ ಕೂರುವವರಿಗೆ ಇದರಲ್ಲಿ ಜಾಗ ಇಲ್ಲ.

ಇಷ್ಟೆಲ್ಲ ಮಾಹಿತಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? ಎರಡು ದಾರಿ ಇದ್ದವು. ಒಂದು ನೇರ ರೇಡಿಯೋ. ಒಂದೇ ಕೋಣೆಯಲ್ಲಿ ಕೂತ ಯಂತ್ರಗಳು ರೌಟರ್, ಇಂಟರ್ನೆಟ್ ಯಾವುದೂ ಇಲ್ಲದೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಪಿಎಸ್‌ಪಿಯಲ್ಲಿ ಇದಕ್ಕೆ ಆಡ್ ಹಾಕ್ ಅನ್ನುತ್ತಿದ್ದರು, ಲಿಬರೇಶನ್‌ನಲ್ಲಿ ಆರು ಜನ ಹೀಗೆ ಆಡಬಹುದಿತ್ತು. ಪಿಎಸ್‌ಪಿಯ ಸ್ಟಿಕ್ಕಿನ ಬಗ್ಗೆ ಎಷ್ಟೇ ಬೈದರೂ ಈ ವಿಷಯದಲ್ಲಿ ಅದನ್ನು ಮೆಚ್ಚಲೇಬೇಕು. 2005ರ ಸೋಕಾಂ: ಫೈರ್‌ಟೀಮ್ ಬ್ರಾವೋ ಹದಿನಾರು ಜನರನ್ನು ಒಂದೇ ಪಂದ್ಯಕ್ಕೆ ಸೇರಿಸಿತ್ತು. ಡಿಎಸ್‌ನಲ್ಲಿ ಇನ್ನೊಂದು ಚಂದದ ಸೌಕರ್ಯ ಇತ್ತು. ಒಬ್ಬರ ಹತ್ತಿರ ಕಾರ್ಟ್ರಿಜ್ ಇದ್ದರೆ ಸಾಕು, ಉಳಿದವರ ಯಂತ್ರಕ್ಕೆ ಆಟದ ಒಂದು ತುಣುಕು ಗಾಳಿಯಲ್ಲೇ ಹೋಗುತ್ತಿತ್ತು. ಆ ತುಣುಕು 4 ಎಂಬಿ ಮೆಮೊರಿಯೊಳಗೇ ಹಿಡಿಸಬೇಕಿತ್ತು, ಹಾಗಾಗಿ ಎಲ್ಲ ಮೈದಾನ, ಎಲ್ಲ ಪಾತ್ರ ಸಿಗುತ್ತಿರಲಿಲ್ಲ. ದುಡ್ಡಿಲ್ಲದ ಹುಡುಗರಿಗೆ ಅಷ್ಟೇ ದೊಡ್ಡದು.

ಎರಡನೇ ದಾರಿ ಇಂಟರ್ನೆಟ್. ಇಲ್ಲಿಂದ ಕಥೆ ತೊಡಕಾಗುತ್ತದೆ.

ಯಾರ ಪರದೆ ನಿಜ?

ನೀವು ಒಬ್ಬನಿಗೆ ಗುರಿ ಇಟ್ಟು ಹೊಡೆದಿರಿ. ನಿಮ್ಮ ಪರದೆಯಲ್ಲಿ ಅವನು ಬಯಲಲ್ಲಿ ಓಡುತ್ತಿದ್ದಾನೆ. ಆದರೆ ಅವನು ಅಲ್ಲಿದ್ದಾನೆ ಅನ್ನುವ ಸುದ್ದಿ ಅವನ ಯಂತ್ರದಿಂದ ಹೊರಟು ನಿಮಗೆ ತಲುಪಲು ಹೊತ್ತು ಹಿಡಿಯುತ್ತದೆ. ಹತ್ತನೇ ಒಂದು ಸೆಕೆಂಡ್, ಅಂದರೆ 100 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ ಆರು ಮೀಟರ್ ಓಡುವವನು ಅಷ್ಟರಲ್ಲಿ 60 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಮನುಷ್ಯನ ಭುಜದ ಅಗಲಕ್ಕಿಂತ ಜಾಸ್ತಿ! ಅಂದರೆ ನೀವು ನೋಡುತ್ತಿರುವುದು ಅವನನ್ನಲ್ಲ, ಅವನು ಇದ್ದ ಜಾಗವನ್ನು. ನೀವು ಹೊಡೆದದ್ದು ಗಾಳಿಗೆ.

ಇದಕ್ಕೆ ಮೊದಲ ಮದ್ದು ಊಹೆ. ಅವನು ಈ ದಿಕ್ಕಿನಲ್ಲಿ ಈ ವೇಗದಲ್ಲಿ ಓಡುತ್ತಿದ್ದ, ಹಾಗಾದರೆ ಈಗ ಇಲ್ಲಿರಬೇಕು ಅಂತ ನಿಮ್ಮ ಯಂತ್ರವೇ ಅಂದಾಜು ಮಾಡಿ ತೋರಿಸುತ್ತದೆ. ಅವನು ಹಾಗೇ ಓಡಿದರೆ ಸರಿ. ತಟ್ಟನೆ ತಿರುಗಿದರೆ ಅಂದಾಜು ತಪ್ಪುತ್ತದೆ, ಹೊಸ ಸುದ್ದಿ ಬಂದ ಕೂಡಲೇ ಅವನು ನಿಮ್ಮ ಪರದೆಯಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿದಂತೆ ಕಾಣುತ್ತಾನೆ. ನೆಟ್ ಕೆಟ್ಟಾಗ ಎಲ್ಲರೂ ಬೈಯುವ 'ಲ್ಯಾಗ್' ಕಾಣುವುದು ಹೀಗೆಯೇ.

ಎರಡನೇ ಮದ್ದು ಇನ್ನೂ ಚಾಲಾಕಿನದು. ನೀವು ಗುಂಡು ಹಾರಿಸಿದ ಸುದ್ದಿ ತಲುಪಿದಾಗ ಪಂದ್ಯ ನಡೆಸುವ ಸರ್ವರ್ ಕಾಲವನ್ನು ಹಿಂದಕ್ಕೆ ತಿರುಗಿಸಿ ನೋಡುತ್ತದೆ. ಹೊಡೆದ ಕ್ಷಣದಲ್ಲಿ ಇವರ ಪರದೆಯಲ್ಲಿ ಅವನು ಎಲ್ಲಿ ಕಾಣುತ್ತಿದ್ದ? ಅಲ್ಲಿಗೆ ಗುಂಡು ತಗುಲಿತ್ತಾ? ತಗುಲಿದ್ದರೆ ಲೆಕ್ಕಕ್ಕೆ ಸೇರಿತು. ಹೊಡೆದವರಿಗೆ ನ್ಯಾಯ ಸಿಕ್ಕಿತು. ಆದರೆ ಹೊಡೆಸಿಕೊಂಡವನು ಅಷ್ಟರಲ್ಲಿ ಗೋಡೆಯ ಹಿಂದೆ ಹೋಗಿ ನಿಂತಿದ್ದಾನೆ. ಅವನ ಪರದೆಯಲ್ಲಿ ಅವನು ಸುರಕ್ಷಿತ, ಆದರೂ ಸತ್ತ. 'ಅಣ್ಣಾ, ನಾನು ಗೋಡೆ ಹಿಂದೆ ಇದ್ದೆ!' ಅಂತ ಕೂಗುವವರು ಸುಳ್ಳು ಹೇಳುತ್ತಿಲ್ಲ. ಹೊಡೆದವರೂ ಸುಳ್ಳು ಹೇಳುತ್ತಿಲ್ಲ. ಎರಡು ಪರದೆ, ಎರಡು ನಿಜ. ಸರ್ವರ್ ಒಂದನ್ನು ಆರಿಸಲೇಬೇಕು, ಹೊಡೆದವರ ಕಡೆಗೆ ವಾಲುವ ಆಟಗಳೇ ಹೆಚ್ಚು. ಸರಿಯಾಗಿ ಹೊಡೆದರೂ ತಗುಲದಿದ್ದರೆ ಜನ ಆಟವನ್ನೇ ಬಿಡುತ್ತಾರೆ. ಗೋಡೆ ಹಿಂದೆ ಸತ್ತವರು ಒಂದು ಸಲ ಬೈದು ಮತ್ತೆ ಆಡುತ್ತಾರೆ.

ಆಯುಧದ ಮೇಲೂ ಇದು ನಿಲ್ಲುತ್ತದೆ. ಇಂಪೀರಿಯಲಿಸ್ಟ್‌ನಂಥ ಸ್ನೈಪರ್ ಒತ್ತಿದ ಕ್ಷಣವೇ ತಗುಲುವ ಬಗೆ, ಹಾಗಾಗಿ ನೆಟ್ಟಿನ ತಡ ನೇರವಾಗಿ ಎದ್ದು ಕಾಣುತ್ತದೆ. ಮಿಸೈಲ್ ನಿಧಾನಕ್ಕೆ ಹಾರಿಹೋಗುವುದು, ಹೇಗಿದ್ದರೂ ವೈರಿಯ ಮುಂದಿನ ಜಾಗಕ್ಕೇ ಗುರಿ ಇಡಬೇಕು. ನೆಟ್ ನಿಧಾನ ಇದ್ದ ದಿನ ಎರಡನೆಯದೇ ವಾಸಿ.

ಒಂದೇ ಕೋಣೆಯ ರೇಡಿಯೋ ಆಟದಲ್ಲಿ ಈ ತಡ ಕಣ್ಣಿಗೆ ಬೀಳುವಷ್ಟು ಇರುವುದಿಲ್ಲ. ಸುದ್ದಿ ಕೋಣೆ ದಾಟಿದರೆ ಸಾಕಲ್ಲ. ಆಡ್ ಹಾಕ್ ಆಡಿ ರೂಢಿಯಾದವರಿಗೆ ಆನ್‌ಲೈನ್ ರುಚಿಸದೇ ಇರುವುದಕ್ಕೆ ಅರ್ಧ ಕಾರಣ ಇದು. ಇನ್ನರ್ಧ, ಸೋತವನ ಮುಖ ಎದುರಿಗೇ ಕಾಣುವುದು.

ಎರಡನೇ ಸ್ಟಿಕ್, ಮತ್ತೆ ಫೋನು

ಸೋನಿ ಕೊನೆಗೂ ಪಾಠ ಕಲಿತು ತನ್ನ ಮುಂದಿನ ಅಂಗೈ ಯಂತ್ರ ಪ್ಲೇಸ್ಟೇಷನ್ ವೀಟಾಗೆ ಎರಡು ಸ್ಟಿಕ್ ಹಾಕಿತು. 2013ರ ಕಿಲ್‌ಜೋನ್: ಮರ್ಸಿನರಿ ಅದರಲ್ಲಿ ಟಿವಿ ಆಟದ ಹಾಗೇ ಓಡಿತು, ಎಂಟು ಜನರ ಆನ್‌ಲೈನ್ ಪಂದ್ಯವೂ ಇತ್ತು. ಚೆನ್ನಾಗಿದೆ. ಆದರೆ ಹೊಸ ಉಪಾಯ ಅಂತ ಹೇಳುವಂಥದ್ದು ಕಮ್ಮಿ. ಕೊರತೆ ನೀಗಿತು, ಅಷ್ಟೇ.

ಹೊಸದು ಬಂದದ್ದು ಜೈರೋಸ್ಕೋಪ್‌ನಿಂದ. ಯಂತ್ರ ಎಷ್ಟು ತಿರುಗಿತು ಅಂತ ಅಳೆಯುವ ಪುಟ್ಟ ಸೆನ್ಸರ್ ಅದು. 2017ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂದ ಸ್ಪ್ಲಟೂನ್ 2 ಇದನ್ನು ಚೆನ್ನಾಗಿ ಬಳಸಿತು. ದೊಡ್ಡ ತಿರುವಿಗೆ ಬಲಗಡೆಯ ಸ್ಟಿಕ್, ಸಣ್ಣ ತಿದ್ದುಪಡಿಗೆ ಮಣಿಕಟ್ಟು. ಯಂತ್ರವನ್ನೇ ಸ್ವಲ್ಪ ವಾಲಿಸಿದರೆ ಗುರಿಯೂ ಅಷ್ಟೇ ವಾಲುತ್ತದೆ. ಡಿಎಸ್ ಸ್ಟೈಲಸ್‌ನ ಅದೇ ದೂರದ ಲೆಕ್ಕ ಮತ್ತೆ ಬಂತು, ಈ ಸಲ ಕಡ್ಡಿ ಇಲ್ಲದೆ, ಎರಡೂ ಕೈ ಯಂತ್ರದ ಮೇಲೇ ಇಟ್ಟುಕೊಂಡು. ಗುರಿ ಹಿಡಿಯುವ ಕೆಲಸಕ್ಕೆ ಬೆರಳೇ ಬೇಕಾಗಿಲ್ಲ, ಮಣಿಕಟ್ಟು ಸಾಕು.

ನಮ್ಮಲ್ಲಿ ಬಹಳ ಜನ ಇದನ್ನೆಲ್ಲ ಕಂಡದ್ದು ಫೋನಿನಲ್ಲಿ, ಪಬ್ಜಿಯಲ್ಲಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿ ಮೊಬೈಲ್ ನಿಷೇಧಿಸಿತು. 2021ರ ಜುಲೈನಲ್ಲಿ ಕ್ರಾಫ್ಟನ್ ಕಂಪನಿ ಅದನ್ನೇ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಅಂತ ತಂದಿತು. 2022ರ ಜುಲೈನಲ್ಲಿ ಅದೂ ಆಪ್ ಸ್ಟೋರ್‌ಗಳಿಂದ ಮಾಯವಾಯಿತು, 2023ರ ಮೇನಲ್ಲಿ ವಾಪಸ್ ಬಂತು. ಹೆಸರು ಬಿಜಿಎಂಐ ಆದರೂ ಬೆಂಗಳೂರಿನ ಪಿಜಿಯಿಂದ ಹಿಡಿದು ಊರ ಬಸ್ ಸ್ಟ್ಯಾಂಡ್ ತನಕ ಬಾಯಲ್ಲಿ ಉಳಿದದ್ದು ಪಬ್ಜಿಯೇ.

ಫೋನಿನಲ್ಲಿ ಬೆರಳಿನ ಸಮಸ್ಯೆ ಇನ್ನೂ ಬಿಗಿ. ಗುಂಡಿಗಳೇ ಇಲ್ಲ, ಗಾಜು ಮಾತ್ರ. ನೋಡಬೇಕಾದ ಪರದೆಯನ್ನೇ ಹೆಬ್ಬೆರಳು ಮುಚ್ಚುತ್ತದೆ. ಬಲ ಹೆಬ್ಬೆರಳು ಗುರಿ ಎಳೆಯುತ್ತಿದ್ದರೆ ಫೈರ್ ಒತ್ತುವವರು ಯಾರು? ಅದಕ್ಕೇ ಹುಡುಗರು 'ಕ್ಲಾ' ಹಿಡಿತ ಕಲಿತರು. ತೋರುಬೆರಳನ್ನು ಕೊಕ್ಕೆಯ ಹಾಗೆ ಬಾಗಿಸಿ ಪರದೆಯ ಮೇಲ್ಮೂಲೆಗೆ ತರುವುದು. ಅಲ್ಲಿ ಫೈರ್, ಇನ್ನೊಂದು ತೋರುಬೆರಳಿಗೆ ಸ್ಕೋಪ್, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಬಂದೂಕಿನ ದುರ್ಬೀನು. ಯಾವ ಕಂಪನಿಯೂ ಇದನ್ನು ಕಲಿಸಲಿಲ್ಲ, ಆಡುವವರೇ ಕಂಡುಕೊಂಡರು. ಜೈರೋ ಆನ್ ಮಾಡಿಕೊಂಡವರು ಸ್ಕೋಪ್ ತೆರೆದ ಮೇಲೆ ಫೋನನ್ನೇ ಕೆಳಕ್ಕೆ ಬಾಗಿಸುತ್ತಾ ಬಂದೂಕಿನ ಒದೆತ ತಡೆಯುತ್ತಾರೆ. ಕಡಿಮೆ ಬೆಲೆಯ ಕೆಲವು ಫೋನ್‌ಗಳಲ್ಲಿ ಜೈರೋ ಸೆನ್ಸರ್ರೇ ಇರುವುದಿಲ್ಲ. ಶೂಟರ್ ಆಡಲು ಫೋನ್ ತೆಗೆದುಕೊಳ್ಳುವವರು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮೊದಲು ಇದನ್ನು ಕೇಳಬೇಕು.

ಹೊಸದಾಗಿ ಶುರು ಮಾಡುವವರಿಗೆ ಒಂದು ಮಾತು. ಸೆನ್ಸಿಟಿವಿಟಿಯನ್ನು, ಅಂದರೆ ಬೆರಳು ಎಳೆದರೆ ನೋಟ ಎಷ್ಟು ತಿರುಗಬೇಕು ಅನ್ನುವ ಅಳತೆಯನ್ನು, ದಿನಾ ಬದಲಿಸಬೇಡಿ. ಯೂಟ್ಯೂಬ್‌ನಲ್ಲಿ ಯಾರೋ ಹೇಳಿದ ಅಂಕಿ ಅವರ ಕೈಗೆ ಸರಿ. ಒಂದು ಆರಾಮದ ಎಳೆತಕ್ಕೆ ನೋಟ ಪೂರ್ತಿ ಹಿಂದಕ್ಕೆ ತಿರುಗುವಷ್ಟು ಇಟ್ಟುಕೊಂಡು ಒಂದಷ್ಟು ವಾರ ಹಾಗೇ ಬಿಡಿ. ಕೈ ಅಳತೆ ಕಲಿಯುವುದು ಅಳತೆ ಬದಲಾಗದಿದ್ದಾಗ ಮಾತ್ರ.

ಇನ್ನೊಂದು ತಮಾಷೆ ಕೇಳಿ. ಬಿಜಿಎಂಐ ಪಂದ್ಯದಲ್ಲಿ ನೂರು ಜನ ಅನ್ನುತ್ತಾರೆ, ಆದರೆ ಕೆಳಗಿನ ಶ್ರೇಣಿಗಳಲ್ಲಿ ಅದರಲ್ಲಿ ಎಷ್ಟೋ ಮಂದಿ ಬಾಟ್‌ಗಳು, ಯಂತ್ರ ನಡೆಸುವ ಬೊಂಬೆಗಳು. ಬಯಲಲ್ಲಿ ನಿಂತು ನಿಧಾನಕ್ಕೆ ಗುಂಡು ಹಾರಿಸುತ್ತಾ, ತಪ್ಪಿಸುತ್ತಾ ಸಾಯುತ್ತವೆ. ಮೊದಲ ದಿನವೇ ಹತ್ತು ಜನರನ್ನು ಹೊಡೆದ ಖುಷಿ ನಿಮಗೆ ಸಿಗುತ್ತದೆ. ಅಂದರೆ ಒಂಟಿ ಆಟದ ಆ ಹಳೆಯ ಸುಳ್ಳು ಸದ್ದಿಲ್ಲದೆ ಆನ್‌ಲೈನ್ ಪಂದ್ಯದೊಳಗೂ ಬಂದು ಕೂತಿದೆ. ಹಂಟರ್ಸ್‌ನಲ್ಲೂ ಬಾಟ್‌ಗಳಿದ್ದವು. ಒಬ್ಬರೇ ಇದ್ದರೂ ಮೂರು ಬಾಟ್ ಸೇರಿಸಿಕೊಂಡು ಪಂದ್ಯ ಆಡಬಹುದಿತ್ತು. ಅಲ್ಲಿ ಅವು ಬಾಟ್ ಅಂತ ಹೇಳಿಯೇ ಕೊಡುತ್ತಿದ್ದರು, ಅದು ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.

ಈಗ ಹಂಟರ್ಸ್ ಆಡಬೇಕು ಅನ್ನಿಸಿದವರು ಒಂದು ವಿಷಯ ತಿಳಿದಿರಲಿ. ನಿಂಟೆಂಡೊದ ವೈಫೈ ಸೇವೆ 2014ರ ಮೇ 20ಕ್ಕೆ ಮುಚ್ಚಿತು. ಅಭಿಮಾನಿಗಳು ನಡೆಸುವ ಬದಲಿ ಸರ್ವರ್ ಹುಡುಕಿದರೂ ಹಳೆಯ ಡಿಎಸ್‌ಗೆ ಬರುವುದು ಬೀಗವೇ ಇಲ್ಲದ ವೈಫೈ, ಇಲ್ಲವೇ ಡಬ್ಲ್ಯುಇಪಿ ಅನ್ನುವ ಹಳೇ ಬೀಗದ ವೈಫೈ ಮಾತ್ರ, ಮನೆಯ ಇವತ್ತಿನ ರೌಟರ್ ಜೊತೆ ಅದು ಸಾಮಾನ್ಯವಾಗಿ ಮಾತಾಡುವುದಿಲ್ಲ. ಆದರೆ ಎರಡು ಡಿಎಸ್ ಒಂದೇ ಕೋಣೆಯಲ್ಲಿದ್ದರೆ ಆಟ 2006ರಲ್ಲಿ ನಡೆದ ಹಾಗೇ ಇವತ್ತೂ ನಡೆಯುತ್ತದೆ. ಅದಕ್ಕೆ ಯಾರ ಸರ್ವರ್ ಬೇಕು?

ಹಂಟರ್ಸ್‌ನ ಆ ಏಳು ಬೇಟೆಗಾರರಲ್ಲಿ, ಸ್ಯಾಮಸ್ ಬಿಟ್ಟರೆ, ಒಬ್ಬ ಮಾತ್ರ ಮುಂದೆ ದೊಡ್ಡವನಾದ. ಹಂಟರ್ಸ್‌ನ ಕಥೆಯಲ್ಲಿ ಸೈಲಕ್ಸ್‌ಗೆ ಅಂಥ ದೊಡ್ಡ ಪಾತ್ರವೇನೂ ಇರಲಿಲ್ಲ. ಪಂದ್ಯದ ಪಟ್ಟಿಯಲ್ಲಿ ಒಂದು ಹೆಸರು, ಪ್ರಾಣ ಹೀರುವ ಆಯುಧದಿಂದಾಗಿ ಆಡುವವರಿಗೆ ಚೆನ್ನಾಗಿ ಪರಿಚಯ. 2007ರ ಮೆಟ್ರಾಯ್ಡ್ ಪ್ರೈಮ್ 3ರ ಕೊನೆಯಲ್ಲಿ ಅವನ ಹಡಗು ಸ್ಯಾಮಸ್‌ಳನ್ನು ಹಿಂಬಾಲಿಸಿತು, 2016ರ ಫೆಡರೇಶನ್ ಫೋರ್ಸ್‌ನ ಕೊನೆಯಲ್ಲಿ ಮತ್ತೆ ಕಾಣಿಸಿಕೊಂಡ. 2025ರ ಡಿಸೆಂಬರ್‌ನಲ್ಲಿ ಬಂದ ಮೆಟ್ರಾಯ್ಡ್ ಪ್ರೈಮ್ 4ರಲ್ಲಿ ಮುಖ್ಯ ವೈರಿ ಅವನೇ. ಆ ಆಟದಲ್ಲಿ ಮಲ್ಟಿಪ್ಲೇಯರ್ ಇಲ್ಲ. ಸೈಲಕ್ಸ್ ಆಗಿ ಆಡಬೇಕು ಅಂದರೆ ಇವತ್ತಿಗೂ ಹಳೆಯ ಡಿಎಸ್ ಕಾರ್ಟ್ರಿಜ್ ಹುಡುಕಬೇಕು.